ಗೋಡೆಗೆ ಮುಖ ಮಾಡಿ ಬಡಿಸುವವಳು

ನನ್ನ ಅತ್ತಿಗೆ ವೆಂಕಟಮ್ಮ ಈ ವಯಸ್ಸಿನ ತನಕ ಯಾರೊಬ್ಬರೂ ಊಟ ಮಾಡುವುದನ್ನು ಕಣ್ಣಾರೆ ನೋಡಿದವಳಲ್ಲ. ಹೇಳಿದರೆ ಜನ ನಗುತ್ತಾರೆ, ಆದರೆ ನಿಜ. ತಟ್ಟೆ ಇಡುತ್ತಾಳೆ, ಮುದ್ದೆ ಇಕ್ಕುತ್ತಾಳೆ, ಸಾರು ಬಿಡುತ್ತಾಳೆ. ಉಣ್ಣುವವರ ಕೈ ತಟ್ಟೆಗೆ ಹೋಗುವಷ್ಟರಲ್ಲಿ ಅವಳು ಗೋಡೆ ಕಡೆ ತಿರುಗಿ ಕುಳಿತಾಗಿರುತ್ತದೆ. ಗಂಡನಾಗಲಿ, ಹೆತ್ತ ಮಕ್ಕಳಾಗಲಿ, ಬೀಗರಾಗಲಿ, ಎಲ್ಲರಿಗೂ ಅದೇ ಬೆನ್ನು.

ಅವಳ ತವರು ಮೂಗೂರು. ಚಿಕ್ಕವಳಿದ್ದಾಗ ಅವಳ ತಮ್ಮನೊಬ್ಬ ಜಗಲಿಯ ಮೇಲೆ ಕೂತು ಹಾಲು ಅನ್ನ ಉಣ್ಣುತ್ತಿದ್ದನಂತೆ. ದಾರಿಯಲ್ಲಿ ಹೋಗುತ್ತಿದ್ದ ಯಾವಳೋ ಹೆಂಗಸು ನಿಂತು ನೋಡಿ, “ಎಷ್ಟ್ ಚೆಂದಾಗ್ ಉಣ್ತದೆ ಕೂಸು!” ಅಂದು ಹೋದಳಂತೆ. ಸಂಜೆಗೆ ಮಗುವಿನ ಮೈ ಕಾದಿತು. ಉಳಿಯಲಿಲ್ಲ. ಅವತ್ತಿನಿಂದ ಅವರವ್ವ ಉಣ್ಣುವ ಮಕ್ಕಳ ಕಡೆ ಕಣ್ಣು ಹಾಯಿಸಲಿಲ್ಲ. ಅವ್ವನನ್ನು ನೋಡಿ ಮಗಳು ಕಲಿತಳು. ನಮ್ಮಲ್ಲಿ ಉಣ್ಣುವವರನ್ನು ದಿಟ್ಟಿಸಿ ನೋಡಬಾರದು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅದನ್ನು ಇವಳಷ್ಟು ಗಟ್ಟಿಯಾಗಿ ಹಿಡಿದವರನ್ನು ನಾನು ಕಂಡಿಲ್ಲ.

ಬೆನ್ನು ಮಾಡಿ ಕೂತರೂ ಅವಳಿಗೆ ಎಲ್ಲ ಗೊತ್ತಾಗುತ್ತದೆ. ಸಾರು ಮುಗಿದಾಗ ತಟ್ಟೆಯ ಮೇಲೆ ಬೆರಳು ಆಡುವ ಸದ್ದೇ ಬೇರೆಯಂತೆ. ಆಗ ತಿರುಗದೆಯೇ ಸೌಟನ್ನು ಹಿಂದಕ್ಕೆ ಚಾಚುತ್ತಾಳೆ. ಸಾರು ಸರಿಯಾಗಿ ತಟ್ಟೆಗೇ ಬೀಳುತ್ತದೆ. ನಾನು ಮದುವೆಯಾಗಿ ಹೋಗುವ ಮುಂಚೆ ಇದನ್ನು ಪರೀಕ್ಷೆ ಮಾಡಲು ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಿದ್ದೆ. ಅವಳು ತಟ್ಟೆ ನೆಲಕ್ಕೆ ಉಜ್ಜಿದ್ದನ್ನೂ ಕೇಳಿಸಿಕೊಂಡು, “ಸರುಸ್ದಾ? ಸರ್ಸು ಸರ್ಸು” ಅಂದು ಸೌಟನ್ನೂ ಅತ್ತ ಕಡೆಯೇ ತರುತ್ತಿದ್ದಳು.

ನಮ್ಮಣ್ಣ ಜವರಯ್ಯ, ಅವಳ ಗಂಡ, ತಮಾಷೆ ಮಾಡುತ್ತಿದ್ದ. “ನಾನ್ ಮದ್ವೆ ಆಗಿರದು ಇವಳ್ ಬೆನ್ನ ಕಣಮ್ಮಿ ಕೆಂಪಿ. ಮಕ ನೋಡ್ಬೇಕು ಅಂದ್ರೆ ಉಪಾಸ ಇರ್ಬೇಕು.”

“ಇರು ಅತ್ಲಾಗಿ, ಯಾರ್ ಬ್ಯಾಡ ಅಂದರು!” ಅಂತ ಗೋಡೆಗೇ ಉತ್ತರ ಕೊಡುತ್ತಿದ್ದಳು ಅತ್ತಿಗೆ.

ನನ್ನ ಯಜಮಾನರು ತೀರಿಕೊಂಡ ಮೇಲೆ ನಾನು ತವರಿಗೇ ಬಂದು ಅಣ್ಣನ ಮನೆ ಎದುರಿಗೆ ನೆಲೆಯಾದೆ. ನಮ್ಮೂರು ನಂಜನಗೂಡಿಗೂ ನರಸೀಪುರಕ್ಕೂ ನಡುವೆ, ದೊಡ್ಡ ರಸ್ತೆಯಿಂದ ಸ್ವಲ್ಪ ಒಳಗಿದೆ. ಆ ರಸ್ತೆಯ ಮೇಲೆ ಮಲೆಯಾಳದವರ ಲಾರಿಗಳು ಹಗಲೆಲ್ಲ ಓಡುತ್ತವೆ. ಮಲೆಯಾಳದವರು ನಮಗೆ ಹೊಸಬರಲ್ಲ. ಶುಂಠಿ ಬೆಳೆಯಲು ಗದ್ದೆ ಹೊಲ ಗುತ್ತಿಗೆ ಹಿಡಿದು, ಗುಡಿಸಲು ಹಾಕಿಕೊಂಡು, ಬೆಳೆ ಕಿತ್ತ ಮೇಲೆ ಹೊರಟುಹೋಗುತ್ತಾರೆ. ಒಂದು ವರ್ಷ ನಮ್ಮೂರ ರಂಗನಾಯಕನ ಹೊಲಕ್ಕೆ ಹಾಗೆ ಬಂದವರಲ್ಲಿ ಬಿಜು ಅನ್ನುವ ಹುಡುಗನಿದ್ದ. ಮೋಟರು ಪೈಪು ನೋಡಿಕೊಳ್ಳುತ್ತಿದ್ದ. ಅತ್ತಿಗೆಯ ಮಗಳು ಸುನೀತಾ ಊರ ಹುಡುಗಿಯರ ಜೊತೆ ಅಲ್ಲಿಗೆ ಶುಂಠಿ ನಾಟಿಗೆ ಹೋಗುತ್ತಿದ್ದಳು. ಬೆಳೆ ಕಿತ್ತು ಅವರು ಹೊರಟ ದಿನ ಸುನೀತಾಳೂ ಬಿಜುವಿನ ಜೊತೆ ಹೊರಟುಹೋದಳು. ಯಾರಿಗೂ ಹೇಳಲಿಲ್ಲ.

ಅಣ್ಣ ಕೂಗಾಡಲಿಲ್ಲ. ಹೊಳೆಗೆ ಹೋಗಿ ತಲೆ ಮುಳುಗಿಸಿ ಮಿಂದು ಬಂದ. ಸತ್ತವರಿಗೆ ಮಾಡುವ ಸ್ನಾನ ಅದು. ಆಮೇಲೆ ಮನೆಯಲ್ಲಿ ಆ ಹೆಸರು ಯಾರೂ ಎತ್ತಬಾರದು ಅಂದ. ಒಂದು ಸಲ ಫೋನು ಬಂತು. ಅಣ್ಣನೇ ಎತ್ತಿದ. “ಇಲ್ಲಿ ಅಂತೋರ್ ಯಾರೂ ಇಲ್ಲ” ಅಂದು ಇಟ್ಟುಬಿಟ್ಟ. ಮಾರನೆಯ ದಿನ ನಂಬರನ್ನೇ ಬದಲಾಯಿಸಿದ. ಅತ್ತಿಗೆ ಅವತ್ತು ಅವನಿಗೆ ಬಡಿಸಿ ಗೋಡೆ ಕಡೆ ತಿರುಗಿದವಳು ಸೌಟು ಹಿಂದಕ್ಕೆ ಚಾಚಲೇ ಇಲ್ಲ. ತಟ್ಟೆಯ ಸದ್ದು ನನಗೂ ಕೇಳಿಸುತ್ತಿತ್ತು. ಅವಳಿಗೆ ಕೇಳಿಸಲಿಲ್ಲ ಅಂದರೆ ನಾನು ನಂಬುವುದಿಲ್ಲ.

ಅಣ್ಣ ತೀರಿಹೋದ ಮೇಲೆ ಅತ್ತಿಗೆಯ ಮಗ ಚೆಲುವರಾಜು ಅಕ್ಕನನ್ನು ಹುಡುಕಿಕೊಂಡು ವಯನಾಡಿಗೆ ಹೋದ. ಬಿಜುವಿನ ಹಳೆಯ ಊರಿನಲ್ಲಿ, ಅವರು ಮನೆ ಮಾರಿಕೊಂಡು ಕಲ್ಪೆಟ್ಟದ ಕಡೆ ಹೋದರು ಅಂದರಂತೆ. ಕಲ್ಪೆಟ್ಟ ಏನು ನಮ್ಮೂರೇ, ಬೀದಿಯಲ್ಲಿ ನಿಂತು ಕೂಗಲು? ಮೊಬೈಲಿನಲ್ಲೂ ಹುಡುಕಿದ. “ಸುನೀತಾ ಅಂತ ಒತ್ತಿದ್ರೆ ಊರ್ ತುಂಬ ಸುನೀತಾ ಬತ್ತಾರೆ ಕಣತ್ತೆ, ನಮ್ಮೋಳ್ ಒಬ್ಳೇ ಇಲ್ಲ” ಅಂದ. ಅತ್ತಿಗೆ ಶುಂಠಿಯವರು ಯಾರು ಬಂದರೂ ಹೋಗಿ ಕೇಳುತ್ತಿದ್ದಳು. ಅವರು ತಲೆ ಅಲ್ಲಾಡಿಸುತ್ತಿದ್ದರು. ಸುನೀತಾಳಿಗೆ ಅಪ್ಪ ಸತ್ತ ಸುದ್ದಿಯೇ ಗೊತ್ತಿಲ್ಲ, ಅದು ಗೊತ್ತಾದರೆ ಬಂದಾಳು ಅನ್ನುವುದು ಅತ್ತಿಗೆಯ ಒಂದೇ ಆಸೆ. ಅದನ್ನು ಮುಟ್ಟಿಸುವ ದಾರಿ ಮಾತ್ರ ಇರಲಿಲ್ಲ.

ಹೀಗಿರುವಾಗ ಸಿನಿಮಾದವರು ಬಂದರು.

ದೊಡ್ಡ ರಸ್ತೆಯ ಬಸ್ ಸ್ಟಾಪಿನಲ್ಲಿ ಶಂಭುಲಿಂಗಪ್ಪನ ಹೋಟೆಲೊಂದಿತ್ತು. ಅವನಿಗೆ ಮಂಡಿ ನೋವು ಬಂದು ಮುಚ್ಚಿಹೋಗಿತ್ತು. ಅದರ ಮುಂದೆ ಒಂದು ಬೆಳಿಗ್ಗೆ ವ್ಯಾನುಗಳು ನಿಂತವು. ಗೋಡೆಗೆ ನೀಲಿ ಬಣ್ಣ ಹೊಡೆದರು. ಒಣಗಿದ ಮೇಲೆ ಅದನ್ನೇ ಕೆರೆದು ಹಳೆಯದು ಮಾಡಿದರು. ಹೊಸ ಬಣ್ಣ ಹೊಡೆದು ಕೆರೆಯುವುದು ಯಾಕೆ, ಕೆರೆದೇ ಇದ್ದ ಗೋಡೆಗೆ ಬಣ್ಣ ಹೊಡೆದದ್ದು ಯಾಕೆ? ನಾನು ಅದನ್ನು ಕೇಳಲೆಂದೇ ಹೋದೆ. ಅಲ್ಲಿ ಮೈಸೂರಿನ ನರೇಂದ್ರ ಅನ್ನುವ ಹುಡುಗ ಸಿಕ್ಕಿದ. ಆ ಗುಂಪಿನಲ್ಲಿ ಕನ್ನಡ ಬಲ್ಲವನು ಅವನೊಬ್ಬನೇ, ಎಲ್ಲರ ಮಾತನ್ನೂ ಅವನೇ ದಾಟಿಸುತ್ತಿದ್ದ.

“ಮಲಯಾಳಂ ಸಿನಿಮಾ ಅಜ್ಜಿ. ಕೊಚ್ಚಿಯಲ್ಲಿ ನಾಲ್ಕು ಜನ ಫ್ರೆಂಡ್ಸು, ಕಾಲೇಜ್ ಮುಗಿಸಿರೋರು. ಕಾರಲ್ಲಿ ಊರೂರು ಸುತ್ತಕ್ಕೆ ಹೊರಡ್ತಾರೆ. ಇಲ್ಲಿ ಕಾರ್ ಕೆಡುತ್ತೆ. ಒಬ್ಬರು ಅಜ್ಜಿ ಊಟ ಹಾಕ್ತಾರೆ. ಅಷ್ಟೇ ಸೀನು. ನೀವ್ ಮಾಡ್ತೀರಾ?”

ನನ್ನನ್ನು ಕ್ಯಾಮರಾ ಮುಂದೆ ನಿಲ್ಲಿಸಿದರು. ನನಗೆ ನಗು ಬಂತು. ತಡೆದುಕೊಂಡಷ್ಟೂ ಜಾಸ್ತಿ ಬಂತು. ಡೈರೆಕ್ಟರು ಗಡ್ಡದ ಹುಡುಗ, ಅವನೂ ನಕ್ಕು ಕೈಮುಗಿದು ಕಳಿಸಿದ. ಆಗ ನರೇಂದ್ರನ ಕಣ್ಣಿಗೆ, ನನ್ನ ಹುಡುಕಿಕೊಂಡು ಬಂದು ಹುಣಸೆ ಮರದ ಕೆಳಗೆ ನಿಂತಿದ್ದ ಅತ್ತಿಗೆ ಬಿದ್ದಳು.

“ಆ ಅಜ್ಜಿ ಯಾರು? ಅವರ ಮುಖ ನೋಡಿ, ಅಂಥದ್ದೇ ಬೇಕಾಗಿತ್ತು ನಮಗೆ!”

“ಥೂ, ಓಗಪ್ಪ ಅತ್ಲಾಗಿ” ಅಂದಳು ಅತ್ತಿಗೆ. “ಗಂಡ ಸತ್ತೋಳು ಪಿಚ್ಚರಲ್ ಕುಣೀಲಾ?”

“ಕುಣಿಯೋದೇನಿಲ್ಲ ಅಜ್ಜಿ, ಮುದ್ದೆ ಬಡಿಸೋದು.”

ಅವಳು ಹೊರಟೇಬಿಟ್ಟಳು. ನಾಲ್ಕು ಮಾರು ಹೋದವಳು ನಿಂತಳು. ತಿರುಗಿ ಬಂದು ಕೇಳಿದಳು. “ಈ ಪಿಚ್ಚರ್ರು ಎಲ್ಲೆಲ್ ಓಡ್ತದಪ್ಪ?”

“ಕೇರಳದಲ್ಲೆಲ್ಲ ಓಡುತ್ತೆ ಅಜ್ಜಿ.”

“ಕಲ್ಪೆಟ್ಟದಲ್ಲೂ?”

“ಕಲ್ಪೆಟ್ಟದಲ್ಲೂ ಥಿಯೇಟರ್ ಇದೆ. ಯಾಕಜ್ಜಿ?”

“ನನ್ ಮಕ ಕಾಣ್ತದಾ ಅದ್ರಲ್ಲಿ?”

“ಇಷ್ಟುದ್ದ ಕಾಣುತ್ತೆ” ಅಂತ ನರೇಂದ್ರ ಎರಡೂ ಕೈ ಅಗಲಿಸಿದ.

“ಸರಿ, ಮಾಡ್ತೀನಿ” ಅಂದಳು ಅತ್ತಿಗೆ. ನರೇಂದ್ರ ತನ್ನ ಮಾತಿಗೆ ಒಪ್ಪಿದಳು ಅಂದುಕೊಂಡ. ನನಗೆ ಅವಳ ಲೆಕ್ಕ ಅರ್ಥವಾಯಿತು. ಕುಂಕುಮ ಇಲ್ಲದ ಹಣೆ ಅಷ್ಟುದ್ದ ಕಂಡರೆ ಸಾಕು, ಅಪ್ಪ ಇಲ್ಲ ಅನ್ನುವುದೂ ಮಗಳಿಗೆ ಗೊತ್ತಾಗುತ್ತದೆ, ಅವ್ವ ಬದುಕಿದ್ದಾಳೆ ಅನ್ನುವುದೂ.

ಶೂಟಿಂಗಿನ ದಿನ ಅತ್ತಿಗೆ ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟುಕೊಂಡು ಬಂದಳು. ಅವರು ಆ ಸೀರೆ ಬೇಡ, ಹಳೆಯದು ಉಟ್ಟು ಬನ್ನಿ ಅಂದರು. ಗೋಡೆಗೆ ಮಾಡಿದ್ದನ್ನೇ ಇವಳಿಗೂ ಮಾಡಿದರು. ಒಲೆ ಹೊತ್ತಿಸಿಕೊಟ್ಟರು. ಮುದ್ದೆ, ಅವರೆಕಾಳು ಸಾರು, ನಿಜವಾದದ್ದೇ. ನಾಲ್ಕು ಮಕ್ಕಳು ಬಂದು ನೆಲದ ಮೇಲೆ ಸಾಲಾಗಿ ಕುಳಿತರು. ಇಬ್ಬರು ಗಂಡು, ಇಬ್ಬರು ಹೆಣ್ಣು. ಒಬ್ಬಳ ಕೂದಲು ಕತ್ತರಿಸಿ ಹುಡುಗನ ಹಾಗಿತ್ತು.

“ಇವರ್ ಯಾರ್ ಅಣ್ತಮ್ದಿರು, ಯಾರ್ ಗಂಡ ಎಂಡ್ತಿ?” ಅಂತ ಅತ್ತಿಗೆ ನರೇಂದ್ರನನ್ನು ಕೇಳಿದಳು.

“ಯಾರೂ ಏನೂ ಅಲ್ಲ ಅಜ್ಜಿ. ಫ್ರೆಂಡ್ಸು. ಒಂದೇ ಮನೇಲಿರ್ತಾರೆ. ಕೂದ್ಲು ಕಟ್ ಮಾಡಿರೋಳು ಅವ್ರಮ್ಮನಿಗೆ ಹೇಳ್ದೆ ಹೊರಟು ಬಂದಿದಾಳೆ. ಕಥೇಲಿ.”

“ಅವ್ವುನ್ಗ್ ಏಳ್ದೆ ಬಂದವ್ಳಾ?” ಅತ್ತಿಗೆ ಆ ಹುಡುಗಿಯನ್ನೇ ನೋಡಿದಳು. “ಅವಳ್ಗೇ ಮೊದ್ಲು ಇಕ್ತೀನಿ ಬುಡಪ್ಪ.”

ಕ್ಯಾಮರಾ ಶುರುವಾಯಿತು. ಅತ್ತಿಗೆ ತಟ್ಟೆ ಇಟ್ಟಳು, ಮುದ್ದೆ ಇಕ್ಕಿದಳು, ಸಾರು ಬಿಟ್ಟಳು. ತಿರುಗಿ ಗೋಡೆ ಕಡೆ ಕುಳಿತಳು.

“ಕಟ್!” ಅಂದ ಡೈರೆಕ್ಟರು.

“ಅಜ್ಜಿ, ಬಡಿಸಾದ್ಮೇಲೆ ಅವರನ್ನ ನೋಡ್ತಾ ಕೂತ್ಕೋಬೇಕು” ಅಂದ ನರೇಂದ್ರ. “ಕ್ಯಾಮರಾ ಇರೋದು ಆ ಕಡೆ. ನಿಮ್ಮ ಮುಖ ಕಾಣ್ಬೇಕಲ್ವಾ?”

“ಊಂ ಕಣಪ್ಪ” ಅಂದಳು. ಮತ್ತೆ ಬಡಿಸಿದಳು. ಮತ್ತೆ ಗೋಡೆ. ಇನ್ನೊಂದು ಸಲ ಕತ್ತನ್ನು ಹೇಗೋ ತಿರುಗಿಸಿದಳು, ಆದರೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ಡೈರೆಕ್ಟರು ತಲೆ ಮೇಲೆ ಕೈ ಹೊತ್ತ. ನಾನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದೆ.

“ಅತ್ಗೆ, ಮಕ ಕಾಣ್ಲಿ ಅಂತ ತಾನೆ ನೀನ್ ಒಪ್ಕಂಡಿದ್ದು? ಸುನೀತಾ ನೋಡದು ಬ್ಯಾಡ್ವಾ?”

“ಬೇಕು ಕಣ್ ಕೆಂಪಿ. ಆದ್ರೆ ಪರ್ಸ್ಥಳದ್ ಮಕ್ಳು, ಅಸ್ಕಂಡ್ ಉಣ್ತಾವೆ. ನನ್ ಕಣ್ ಬಿದ್ದು ಏನಾರಾ ಆದ್ರೆ ಅವರವ್ವಂದಿರ್ಗೆ ಏನ್ ಏಳ್ಲಿ?”

“ಅವು ನಿಜವಾಗ್ ಉಣ್ತಿಲ್ಲ. ಆಟ ಅದು.”

“ಮುದ್ದೆ ನಿಜ್ವಾದ್ದೇ ಅಲ್ವಾ?” ಅಂದಳು.

ಪ್ರತಿ ಸಲ ಕಟ್ ಅಂದಾಗಲೂ ಹೊಸ ತಟ್ಟೆ, ಹೊಸ ಮುದ್ದೆ. ಆ ಮಕ್ಕಳು ಎಷ್ಟು ಅಂತ ತಿಂದಾರು? ಕಟ್ ಆದ ಕೂಡಲೇ ಬಾಯಲ್ಲಿದ್ದದ್ದನ್ನು ಪಕ್ಕದ ಬಕೆಟ್ಟಿಗೆ ಉಗಿಯುತ್ತಿದ್ದರು. ಸಿನಿಮಾದಲ್ಲಿ ಅದೇ ಪದ್ಧತಿಯಂತೆ. ಗೋಡೆ ಕಡೆ ಕೂತಿದ್ದ ಅತ್ತಿಗೆಯ ಕಿವಿಗೆ ಅದು ಬಿತ್ತು. ಸೌಟು ಕೆಳಗಿಟ್ಟು ಎದ್ದು ನಿಂತಳು.

“ಮುದ್ದೇನ ಉಗೀತಾವಾ? ನರೇಂದ್ರಪ್ಪ, ಇಟ್ಟ ಉಗೀತಾವೇನಪ್ಪ?”

“ಅಜ್ಜಿ, ಅದು ಟೇಕು…”

“ಯಾವ್ ಟೇಕೋ ನಂಗೊತ್ತಿಲ್ಲ. ಉಗಿಯೋರ್ಗೆ ನಾನ್ ಇಕ್ಕಲ್ಲ. ಉಣ್ಣಂಗಿದ್ರೆ ಕುಂತ್ಕಳಿ, ಇಲ್ದಿದ್ರೆ ಎದ್ದೋಗಿ.”

ನರೇಂದ್ರ ಅದನ್ನು ಮಲಯಾಳದಲ್ಲಿ ಹೇಳಿದ. ಡೈರೆಕ್ಟರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, ಬಕೆಟ್ಟು ಆಚೆ ತೆಗೆಸಿದ. ಅಜ್ಜಿ ಹೇಗೆ ಬೇಕೋ ಹಾಗೆ ಕೂರಲಿ, ನೀವು ನಿಜವಾಗಿ ಊಟ ಮಾಡಿ, ಇದೊಂದೇ ಸಲ ಅಂದನಂತೆ. ಅತ್ತಿಗೆ ಮತ್ತೆ ಬಡಿಸಿ ಗೋಡೆ ಕಡೆ ತಿರುಗಿದಳು. ಕೂದಲು ಕತ್ತರಿಸಿದ ಹುಡುಗಿ ಮುದ್ದೆಯನ್ನು ಚೂಯಿಂಗ್ ಗಮ್ಮಿನ ಹಾಗೆ ಅಗಿಯುತ್ತಿದ್ದಳು. ಗೋಡೆ ಕಡೆಯಿಂದ ಮಾತು ಬಂತು. “ಅಗೀಬ್ಯಾಡ ಕಣವ್ವ. ನುಂಗು.” ಹುಡುಗಿಗೆ ಭಾಷೆ ತಿಳಿಯಲಿಲ್ಲ, ಆದರೆ ಗಂಟಲು ಕೇಳಿತು. ಗುಳುಕ್ ಅಂತ ನುಂಗಿದಳು. ಸೌಟು ಹಿಂದಕ್ಕೆ ಬಂದು ಅವಳ ತಟ್ಟೆಗೆ ಸಾರು ಬಿಟ್ಟಿತು. ನಾಲ್ಕೂ ಮಕ್ಕಳು ತಟ್ಟೆ ಬಳಿದು ತಿಂದರು. ಯಾರೂ ಕಟ್ ಅನ್ನಲಿಲ್ಲ.

ಆಮೇಲೆ ಅತ್ತಿಗೆಯೇ ಹೋಗಿ ನರೇಂದ್ರನ ತೋಳು ಹಿಡಿದಳು. “ನನ್ ಮಕ?”

“ಅದಕ್ಕೂ ಒಂದು ಶಾಟ್ ತೆಗೀತೀವಿ ಅಜ್ಜಿ” ಅಂದ. ಮಕ್ಕಳು ಕಾರು ಹತ್ತುವಾಗ ಬಾಗಿಲಲ್ಲಿ ನಿಂತು ನೋಡಬೇಕು ಅಂತ ಹೇಳಿಕೊಟ್ಟರು. ಅವರು ಉಣ್ಣುತ್ತಿರಲಿಲ್ಲವಲ್ಲ, ಅತ್ತಿಗೆಗೆ ಏನೂ ಕಷ್ಟವಾಗಲಿಲ್ಲ. ಸೆರಗು ಸರಿಸಿ, ಹಣೆ ಪೂರ್ತಿ ಕಾಣುವ ಹಾಗೆ ನಿಂತು, ಕ್ಯಾಮರಾವನ್ನೇ ನೆಟ್ಟ ನೋಟ ನೋಡಿದಳು. ಕಾರನ್ನು ನೋಡಿ ಅಜ್ಜಿ, ಕ್ಯಾಮರಾ ಅಲ್ಲ ಅಂತ ನರೇಂದ್ರ ಎಷ್ಟು ಹೇಳಿದರೂ ಅವಳು ಆ ಗಾಜಿನಿಂದ ಕಣ್ಣು ತೆಗೆಯಲಿಲ್ಲ. ಮನೆಗೆ ಬರುವಾಗ, “ಚೆಂದಾಗ್ ಬಿದ್ದದೆ ಅಂತ ಕಾಣ್ತದೆ” ಅಂದಳು. ದಾರಿಯುದ್ದಕ್ಕೂ ಅವಳ ನಡಿಗೆ ಹಗುರವಾಗಿತ್ತು.

ಸಿನಿಮಾ ಬರುವಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು. ನರೇಂದ್ರ ಫೋನು ಮಾಡಿ, ಮೈಸೂರಿನಲ್ಲೂ ಹಾಕಿದ್ದಾರೆ, ನೋಡಿ ಬನ್ನಿ ಅಂದ. ಚೆಲುವರಾಜು ನಂಜನಗೂಡಿನ ಫ್ಯಾಕ್ಟರಿಗೆ ರಜೆ ಹಾಕಿದ. ಅವನು, ಅವನ ಹೆಂಡತಿ ಭಾನುಪ್ರಿಯಾ, ಅತ್ತಿಗೆ, ನಾನು, ನಾಲ್ಕೂ ಜನ ಬಸ್ಸು ಹತ್ತಿದೆವು.

ಆ ಸಿನಿಮಾ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಆಕಾಶದೆತ್ತರದ ಕಟ್ಟಡದಲ್ಲಿ ಒಂದು ಮನೆ. ನಾಲ್ಕು ಮಕ್ಕಳಿಗೂ ಅಪ್ಪ ಅವ್ವ ಎಲ್ಲೋ ಬೇರೆ. ಒಲೆ ಇದೆ, ಹಚ್ಚುವವರಿಲ್ಲ. ಡಬ್ಬಿಯಲ್ಲಿ ಬಂದದ್ದನ್ನು ಒಬ್ಬ ನಿಂತು ತಿನ್ನುತ್ತಾನೆ, ಒಬ್ಬಳು ಮಲಗಿ ತಿನ್ನುತ್ತಾಳೆ. ಆಚೆ ಕಿಟಕಿಯಲ್ಲಿ ಸಮುದ್ರ. ಒಬ್ಬರ ಬಟ್ಟೆ ಒಬ್ಬರು ಹಾಕಿಕೊಳ್ಳುತ್ತಾರೆ, ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಅಳುತ್ತಾರೆ. ಆಮೇಲೆ ಏನೋ ಒಂದು ಮಾತಿಗೆ ಜಗಳ ಹತ್ತಿ ಬಾಗಿಲು ಬಡಿದು ಹೋಗುತ್ತಾರೆ. ಏನದು ಮಾತು? ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿತ್ತು. ಭಾನುಪ್ರಿಯಾ ಓದಿ ಓದಿ ಹೇಳುತ್ತಿದ್ದಳು, ಆದರೆ ಆ ಜಗಳದ ಹೊತ್ತಿಗೆ ಅಕ್ಷರ ಬಹಳ ಬೇಗ ಓಡಿತು.

“ಯಾಕಂತೆ, ಯಾಕಂತೆ ಜಗಳ?” ಅಂದೆ.

“ಇರಿ ಕೆಂಪತ್ತೆ, ಒಂದ್ ಸಾಲ್ ತಪ್ಪೋಯ್ತು” ಅಂದಳು. ಮುಂದಿನ ಸೀಟಿನವನು ತಿರುಗಿ ನೋಡಿದ. ಜಗಳದ ಕಾರಣ ನನಗೆ ಗೊತ್ತಾಗದೇ ಉಳಿಯಿತು.

ಆಮೇಲೆ ಅವರು ಕಾರಿನಲ್ಲಿ ಹೊರಟರು. ನಮ್ಮ ರಸ್ತೆ ಬಂತು. ಶಂಭುಲಿಂಗಪ್ಪನ ಹೋಟೆಲು ಗುರುತೇ ಸಿಗದ ಹಾಗೆ ನೀಲಿಯಾಗಿ ಬಂತು. ಅತ್ತಿಗೆ ನನ್ನ ಕೈ ಹಿಡಿದುಕೊಂಡಳು. ಪರದೆಯ ಮೇಲೆ ಒಂದು ಕೈ ಮುದ್ದೆ ಇಕ್ಕಿತು. ಒಂದು ಬೆನ್ನು ಗೋಡೆ ಕಡೆ ತಿರುಗಿತು. ಅಗೀಬ್ಯಾಡ ಕಣವ್ವ ಅಂದದ್ದು ಕೇಳಿಸಲಿಲ್ಲ. ಅದರ ಮೇಲೆ ಪಿಟೀಲು ಬಾರಿಸಿದ್ದರು. ಸೌಟು ಹಿಂದಕ್ಕೆ ಬಂತು, ಸಾರು ಬಿತ್ತು, ಆ ಹುಡುಗಿ ಆ ಬೆನ್ನನ್ನೇ ನೋಡುತ್ತಾ ಕೂತಳು. ಥಿಯೇಟರಿನಲ್ಲಿ ಯಾರೋ ಮೂಗು ಎಳೆದುಕೊಂಡರು. ಊಟ ಮುಗಿದ ಮೇಲೆ ಹುಡುಗಿ ಆಚೆ ಬಂದು ಅವರಮ್ಮನಿಗೆ ಫೋನು ಮಾಡಿದಳು. ಇನ್ನು ಬಾಗಿಲು, ಇನ್ನು ಮುಖ ಅಂತ ನಾವು ಉಸಿರು ಬಿಗಿ ಹಿಡಿದೆವು. ಕಾರು ಹೊರಟಿತು. ಬಾಗಿಲು ಬರಲಿಲ್ಲ. ಆಮೇಲೆ ಎಲ್ಲ ಸಮುದ್ರ, ಬಸ್ ನಿಲ್ದಾಣ, ಒಬ್ಬೊಬ್ಬರೂ ಒಂದೊಂದು ದಿಕ್ಕಿಗೆ ಹೋದರು. ದೀಪ ಹತ್ತಿತು.

ಅತ್ತಿಗೆ ಏಳಲಿಲ್ಲ. “ಇನ್ನೂ ಐತೆನ?” ಅಂದಳು.

“ಮುಗೀತು ಕಣವ್ವ” ಅಂದ ಚೆಲುವರಾಜು.

ಆಚೆ ಬಂದು ಅವನು ನರೇಂದ್ರನಿಗೆ ಫೋನು ಹಚ್ಚಿ ರೇಗಿದ. ಆ ಶಾಟ್ ಎಡಿಟಿಂಗಲ್ಲಿ ಹೋಯಿತು, ಅಜ್ಜಿ ಕ್ಯಾಮರಾ ನೋಡಿಬಿಟ್ಟಿದ್ದರು, ಜೊತೆಗೆ ಬೆನ್ನೇ ಎಲ್ಲಕ್ಕಿಂತ ಚೆನ್ನಾಗಿದೆ ಅಂದರು ಡೈರೆಕ್ಟರು ಅಂತ ಅವನು ಸಮಾಧಾನ ಹೇಳಿದನಂತೆ. ಊರಿಗೆ ವಾಪಸು ಬರುವಾಗ ಅತ್ತಿಗೆ ಬಸ್ಸಿನ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಕಡಕೊಳ ದಾಟಿದ ಮೇಲೆ ಒಂದೇ ಮಾತು ಆಡಿದಳು. “ಬೆನ್ನ ನೋಡಿ ಯಾರವ್ವ ಗುರ್ತಿಡೀತಾರೆ?”

ಅವತ್ತಿನಿಂದ ಅವಳು ಶುಂಠಿಯವರನ್ನು ಕೇಳುವುದನ್ನೂ ಬಿಟ್ಟಳು. ನಾನಾಗಿ ಆ ಮಾತು ಎತ್ತಿದರೆ, ಹಸುವಿಗೆ ನೀರು ಕುಡಿಸಬೇಕು ಅಂತ ಎದ್ದು ಹೋಗುತ್ತಿದ್ದಳು.

ಅವರೆಕಾಯಿ ಶುರುವಾದ ಕಾಲ. ಒಂದು ಮಧ್ಯಾಹ್ನ ನಾನು ನನ್ನ ಜಗಲಿಯಲ್ಲಿ ಕೂತು ಕಾಯಿ ಬಿಡಿಸುತ್ತಿದ್ದೆ. ಬೀದಿಯಲ್ಲಿ ಒಬ್ಬ ಹೆಂಗಸು, ಜೊತೆಗೆ ಹದಿವಯಸ್ಸಿನ ಒಬ್ಬಳು ಹುಡುಗಿ, ಬ್ಯಾಗು ಹಿಡಿದು ಬರುತ್ತಿದ್ದರು. ಹೆಂಗಸು ಯಾರನ್ನೂ ದಾರಿ ಕೇಳಲಿಲ್ಲ. ನಮ್ಮ ಬೀದಿಯ ಮೂಲೆಯಲ್ಲಿ ಒಂದು ಕಲ್ಲು ಮೇಲೆದ್ದಿದೆ, ಹೊಸಬರು ಎಡವದೆ ಹೋದದ್ದಿಲ್ಲ. ಅವಳು ನೋಡದೆಯೇ ಅದನ್ನು ದಾಟಿದಳು. ನನ್ನ ಮೊರ ಕೆಳಗೆ ಬಿತ್ತು.

“ಕೆಂಪತ್ತೆ” ಅಂದಳು ಸುನೀತಾ. “ಅಪ್ಪ ಒಳಗವ್ನಾ?”

ನಾನು ಅವಳ ಕೈ ಹಿಡಿದು ಎದುರು ಮನೆಗೆ ಕರೆದುಕೊಂಡು ಹೋದೆ. ನಡುಮನೆಯಲ್ಲಿ ಅಣ್ಣನ ಫೋಟೋಕ್ಕೆ ಹಾರ ಹಾಕಿದೆ. ಅವಳು ಅದನ್ನು ನೋಡಿ ಅಲ್ಲೇ ಕಂಬ ಹಿಡಿದು ಕುಸಿದಳು. ಹಿತ್ತಲಿಂದ ಅತ್ತಿಗೆ ಬಂದಳು. ಕೈಯಲ್ಲಿ ಸಗಣಿ ಬುಟ್ಟಿ ಇತ್ತು. ಅದನ್ನು ಇಡಲು ಕೂಡ ತೋಚದೆ, ಬುಟ್ಟಿಯ ಸಮೇತ ಮಗಳ ಮುಂದೆ ಕೂತುಬಿಟ್ಟಳು. ಅವರಿಬ್ಬರೂ ಅತ್ತದ್ದನ್ನು ನಾನು ಬರೆಯಲಾರೆ.

ಸಮಾಧಾನವಾದ ಮೇಲೆ ಸುನೀತಾ ಹೇಳಿದಳು.

“ನಾನ್ ಫೋನ್ ಮಾಡಿದ್ದೆ ಕಣವ್ವ. ಇಲ್ಲಿ ಅಂತೋರ್ ಯಾರೂ ಇಲ್ಲ ಅಂದ್ಬುಟ್ಟ ಅಪ್ಪ. ಆಮೇಲ್ ಯಾವ್ ಮಕ ಇಟ್ಕಂಡ್ ಬರ್ಲಿ? ನಿಂಗೂ ಬ್ಯಾಡ್ವಾದೆ ಅಂದ್ಕಂಡಿದ್ದೆ.”

“ಮತ್ತೀಗ ಎಂಗ್ ಬಂದೆ ಮಗ?”

ಸುನೀತಾ ತನ್ನ ಮಗಳ ಕಡೆ ಕೈ ತೋರಿಸಿದಳು. ಹುಡುಗಿಯ ಹೆಸರು ನಂದನಾ. ಹುಟ್ಟಿದ್ದು ಬೆಳೆದದ್ದು ಅಲ್ಲೇ. ಆದರೆ ಸುನೀತಾ ಮನೆಯಲ್ಲಿ ಕನ್ನಡವನ್ನೇ ಆಡಿದ್ದರಿಂದ ಅವಳಿಗೂ ನಮ್ಮ ಮಾತು ಬರುತ್ತಿತ್ತು, ಸ್ವಲ್ಪ ಮಲಯಾಳದ ರಾಗದಲ್ಲಿ.

“ನಾನು ಫ್ರೆಂಡ್ಸ್ ಜೊತೆ ಆ ಸಿನಿಮಾ ನೋಡ್ದೆ ಅಜ್ಜಿ” ಅಂದಳು. “ಎಲ್ಲರೂ ನಮ್ಮನೇಗ್ ಬಂದ್ರು. ಅಮ್ಮ ದೋಸೆ ಹಾಕಿ ಗೋಡೆ ಕಡೆ ತಿರುಗ್ದಳು. ಯಾವಾಗ್ಲೂ ಹಂಗೇ ಅಲ್ವಾ. ನನ್ನ ಫ್ರೆಂಡ್ಸ್ ಎಲ್ಲ ನಗಕ್ಕೆ ಶುರು ಮಾಡಿದ್ರು. ‘ಏ, ಸಿನಿಮಾದ ಅಮ್ಮೂಮ್ಮ! ಸಿನಿಮಾದ ಅಮ್ಮೂಮ್ಮ!’ ಅಂತ. ಅಮ್ಮೂಮ್ಮ ಅಂದ್ರೆ ಅಜ್ಜಿ.”

“ಏನ್ ಹಂಗಂದ್ರೆ ಅಂತ ಕೇಳ್ದೆ” ಅಂದಳು ಸುನೀತಾ. “ಫೋನಲ್ಲಿ ಆ ತುಂಡು ತೋರ್ಸಿದ್ರು. ಒಂದ್ ಬೆನ್ನು ಕೂತದೆ. ಸೌಟು ಇಂದುಕ್ ಬತ್ತಾ ಅದೆ. ಅಂಗೆ ಚಾಚೋರು ಈ ಭೂಮೀಲಿ ಇನ್ನೊಬ್ರು ಇಲ್ಲ ಅಂತ ನಂಗೊತ್ತಿಲ್ವಾ ಅವ್ವ? ಬೆಳ್ಗೆ ಎದ್ದು ಬಸ್ಸತ್ತಿದೆ. ಅವ್ವ ಪಿಚ್ಚರಲ್ ಇರದಾದ್ರೆ ಅಪ್ಪ ಒಪ್ಪಿರ್ಬೇಕು, ಅಪ್ಪುಂಗೂ ಕ್ವಾಪ ಇಳ್ದಿರ್ಬೇಕು ಅಂದ್ಕಂಡ್ ಬಂದೆ.”

ಅತ್ತಿಗೆ ಅಣ್ಣನ ಫೋಟೋದ ಕಡೆ ಒಂದು ಸಲ ನೋಡಿದಳು. ಆಮೇಲೆ ಎದ್ದು ಕೈ ತೊಳೆದುಕೊಂಡು ಬಂದು, “ಉಣ್ಣೋರ್ ಉಣ್ಣಿ ಮೊದ್ಲು” ಅಂದಳು.

ಅವಳು ಒಲೆ ಹಚ್ಚಿ ಮುದ್ದೆ ತಿರುವುವಷ್ಟರಲ್ಲಿ ನಾನು ನಂದನಾಳನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಇಷ್ಟು ದಿನ ತಲೆಯಲ್ಲಿ ಕೊರೆಯುತ್ತಿದ್ದುದನ್ನು ಕೇಳಿದೆ. “ಮಗ, ಆ ಪಿಚ್ಚರಲ್ಲಿ ನಾಲ್ಕ್ ಜನ ಬಾಗ್ಲು ಬಡ್ಕಂಡು ಜಗಳ ಆಡ್ತಾರಲ್ಲ, ಅದ್ ಯಾಕೆ?”

“ಅದಾ? ಒಬ್ಬನಿಗೆ ದೂರದ ಊರಲ್ಲಿ ಕೆಲ್ಸ ಸಿಕ್ಕಿರತ್ತೆ. ಹೊರಟೋಗ್ತೀನಿ ಅಂತ ಬೇರೆಯೋರ್ಗೆ ಹೇಳಿರಲ್ಲ. ಹೇಳ್ಲಿಲ್ಲ ಅಂತ ಕೋಪ.”

“ಅಷ್ಟೇನಾ?”

“ಅಷ್ಟೇ” ಅಂದಳು ಹುಡುಗಿ. ಮತ್ತೆ ಸ್ವಲ್ಪ ಯೋಚಿಸಿ, “ಅಷ್ಟೇ ಅಂದ್ರೆ… ಹೇಳ್ದೆ ಹೋಗೋದು ದೊಡ್ಡದಲ್ವಾ?” ಅಂದಳು. ಸುನೀತಾ ತಲೆ ಎತ್ತಲಿಲ್ಲ. ನೆಲದ ಮೇಲೆ ಬಿದ್ದಿದ್ದ ಅವರೆಕಾಳೊಂದನ್ನು ಬೆರಳಲ್ಲಿ ಉರುಳಿಸುತ್ತಿದ್ದಳು.

ತಟ್ಟೆ ಬಂತು. ಸುನೀತಾ, “ನಿನ್ ಜೊತೇಲೇ ಉಣ್ತೀನಿ ಕಣವ್ವ, ಮಗೀಗ್ ಇಕ್ಕು” ಅಂದಳು. ಅತ್ತಿಗೆ ಮೊಮ್ಮಗಳಿಗೆ ಮುದ್ದೆ ಇಕ್ಕಿ, ಬಿಸಿ ಅವರೆಕಾಳು ಸಾರು ಬಿಟ್ಟು, ಗೋಡೆ ಕಡೆ ತಿರುಗಿದಳು. ಸುನೀತಾ ನೀರಿನ ಲೋಟ ಇಟ್ಟು, ತನಗೇ ಗೊತ್ತಿಲ್ಲದ ಹಾಗೆ ಅವಳೂ ಗೋಡೆ ಕಡೆ ತಿರುಗಿ ಅವ್ವನ ಪಕ್ಕದಲ್ಲೇ ಕೂತಳು. ಎರಡು ಬೆನ್ನು ಭುಜಕ್ಕೆ ಭುಜ ತಾಗಿಸಿಕೊಂಡು ಕೂತವು. ಒಂದು ಹಳೆಯದು, ಒಂದು ಹೊಸದು. ಗೋಡೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ಒಂದು ಕ್ಯಾಲೆಂಡರ್ ಬಿಟ್ಟರೆ. ಇಬ್ಬರೂ ಅದನ್ನೇ ನೋಡುತ್ತಾ ಮೆಲ್ಲಗೆ ಏನೋ ಮಾತಾಡಿಕೊಳ್ಳುತ್ತಿದ್ದರು.

ಹುಡುಗಿಯನ್ನು ನೋಡುತ್ತಿದ್ದವಳು ನಾನೊಬ್ಬಳೇ. ಅವಳು ಮುದ್ದೆಯ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡಳು. ಕೆನ್ನೆ ಉಬ್ಬಿಸಿ, ಇದೇನಪ್ಪ ಅನ್ನುವ ಹಾಗೆ ಕಣ್ಣು ಅಗಲ ಮಾಡಿ ನನ್ನನ್ನು ನೋಡಿದಳು. ಹಲ್ಲಿಗೆ ಅಂಟಿತ್ತು. ಮೆಲ್ಲಗೆ, ಯಾರಿಗೂ ಗೊತ್ತಾಗದ ಹಾಗೆ, ದವಡೆ ಆಡಿಸತೊಡಗಿದಳು.

ಗೋಡೆ ಕಡೆ ನಡೆಯುತ್ತಿದ್ದ ಮಾತು ನಿಂತಿತು.

“ಅಗೀಬ್ಯಾಡ ಕಣವ್ವ” ಅಂದಳು ಅತ್ತಿಗೆ, ತಿರುಗದೆ. “ನುಂಗು.”